ಅಪ್‌ಡೇಟ್: ನಿಂತಲ್ಲೇ ಆರಿಹೋಗುತ್ತಿದ್ದ ಆರ್‌ಎಕ್ಸ್ 100 ಸರಿಯಾಯಿತು

ಅಪ್ಪನ ಹಳೆಯ ಯಮಹಾ ಆರ್‌ಎಕ್ಸ್ 100 ಬೈಕ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಕೊಡದಿದ್ದಾಗ) ಓಡುತ್ತಾ ಉಳಿಯುವುದಿಲ್ಲ, ಮಂಗಳೂರಿನ ಪಂಪ್‌ವೆಲ್‌ನ ವಾಹನಗಳ ನಡುವೆ ಆಫ್ ಆಗುತ್ತದೆ ಎಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಈಗ ಸರಿಯಾಗಿದೆ.

ಸ್ಪಾರ್ಕ್ ಪ್ಲಗ್ ಬದಲಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಪೈಲಟ್ ಜೆಟ್ (ಕಾರ್ಬೊರೇಟರ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರ) ತೊಳೆದಾಗ ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಕೊನೆಗೆ ಕೈಹಿಡಿದದ್ದು, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್ ಹಾಗೂ ಸಿಲಿಂಡರ್ ನಡುವಿನ ರಬ್ಬರ್ ಜಾಯಿಂಟ್ ಪರೀಕ್ಷಿಸಿ ಎಂದವರ ಸಲಹೆ. ಅವರಿಗೆ ಮನಸಾರೆ ಧನ್ಯವಾದ. ಎಂಜಿನ್ ಓಡುತ್ತಿರುವಾಗ ಅದರ ಸುತ್ತ ಸಾಬೂನು ನೀರು ಸಿಂಪಡಿಸಿದೆ; ತಕ್ಷಣ ಸದ್ದು ಬದಲಾಯಿತು, ಅಂದರೆ ಅಲ್ಲಿ ಸೋರಿಕೆ ಇತ್ತು. ಮೇಲ್ನೋಟಕ್ಕೆ ರಬ್ಬರ್ ಚೆನ್ನಾಗಿಯೇ ಇತ್ತು. ಬಿಚ್ಚಿ ಬಗ್ಗಿಸಿದಾಗಲೇ ಕೆಳಬದಿಯ ಬಿರುಕು ಬಾಯಿಬಿಟ್ಟದ್ದು! ಅಲ್ಲಿಂದ ಹೆಚ್ಚುವರಿ ಗಾಳಿ ನುಗ್ಗುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಇದನ್ನು ಕಡೆಗಣಿಸಬೇಡಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಅತಿಯಾಗಿ ಕಾದರೆ ಪಿಸ್ಟನ್ ಸಿಲಿಂಡರ್‌ನೊಳಗೇ ಸಿಕ್ಕಿಕೊಳ್ಳಬಹುದು.

ಹೊಸ ರಬ್ಬರ್ ಹಾಕಿ, ಐಡ್ಲಿಂಗ್‌ನ ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಮೆಲ್ಲಗೆ ಕೊನೆಯವರೆಗೆ ತಿರುಗಿಸಿ ಒಂದೂವರೆ ಸುತ್ತು ಸಡಿಲಿಸಿದೆ. ಎಂಜಿನ್ ಬಿಸಿಯಾದ ನಂತರವೇ ಐಡಲ್ ಹೊಂದಿಸಿದೆ.

ನಾನು ಊಹಿಸದೇ ಇದ್ದದ್ದು ಇನ್ನೊಂದು: ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್‌ನ ತಳದಲ್ಲಿ ನೀರಿನ ಹನಿಗಳಿದ್ದವು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವವರು ಬೌಲ್ ಖಾಲಿ ಮಾಡಿಡಿ.

ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಉಡುಪಿಗೆ ಹೋಗಿ ಬಂದೆ. ಕಲ್ಸಂಕದ ದಟ್ಟಣೆಯಲ್ಲೂ ಒಮ್ಮೆಯೂ ಆರಲಿಲ್ಲ.