ತೆಂಗಿನ ಬಿಳಿ ನೊಣದ ಚಿತ್ರ ತೆಗೆಯಲು ಟ್ಯೂಬ್ ಕೊಳ್ಳಲೇ, ರಿವರ್ಸ್ ರಿಂಗ್ ಕೊಳ್ಳಲೇ, ಕ್ಲೋಸ್-ಅಪ್ ಲೆನ್ಸ್ ಕೊಳ್ಳಲೇ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ತೆಂಗಿನ ಮಡಲುಗಳ ಅಡಿಗೆ ಸುರುಳಿ ಬಿಳಿ ನೊಣ ಹಿಡಿದಿದ್ದು, ಕೆಳಗಿರುವ ಬಾಳೆ ಮತ್ತು ಅಡಿಕೆಯ ಎಲೆಗಳ ಮೇಲೆಲ್ಲ ಕಪ್ಪು ಬೂಸ್ಟು ಹರಡಿದೆ. ಈ ನೊಣದ ಮರಿಗಳೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯಾ ಎಂಬ ಕಣಜ ತೋಟದಲ್ಲಿದ್ದರೆ ಕೀಟನಾಶಕ ಸಿಂಪಡಿಸದೆ ಅದನ್ನು ಉಳಿಸಿಕೊಳ್ಳಬೇಕೆಂದು ನಮ್ಮ ಊರಿನ ತೋಟಬೆಳೆ ಸಂಶೋಧನಾ ಸಂಸ್ಥೆಯವರು ಹೇಳುತ್ತಾರೆ. ಕಣಜದ ಗಾತ್ರ ಒಂದು ಮಿಲಿಮೀಟರಿನ ಆಸುಪಾಸು. ಅದು ನಮ್ಮಲ್ಲಿದೆಯೇ ಎಂಬುದನ್ನು ಚಿತ್ರದಲ್ಲಿಯೇ ಖಚಿತಪಡಿಸಿಕೊಳ್ಳಬೇಕೆಂಬುದು ನನ್ನ ಆಸೆ.

ನನ್ನ ಬಳಿ ಕ್ಯಾನನ್ ಎಪಿಎಸ್-ಸಿ (ಸುಮಾರು 22 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾ, 18-55 ಹಾಗೂ 55-250 ಮಿ.ಮೀ. ಲೆನ್ಸ್‌ಗಳು, ಒಂದು ಫ್ಲಾಶ್ ಇವೆ. ಮೊದಲು ಲೆನ್ಸಿನ ಮುಂದೆ ಭೂತಗಾಜಿನಂತೆ ಸಿಕ್ಕಿಸುವ ಅಗ್ಗದ ಕ್ಲೋಸ್-ಅಪ್ ಫಿಲ್ಟರುಗಳ ಸೆಟ್ ಒಂದನ್ನು ಕೊಂಡೆನಾದರೂ, ಅದರ +10 ಶಕ್ತಿಯ ಗಾಜಿನಲ್ಲಿ ನಡುಭಾಗ ಬಿಟ್ಟರೆ ಉಳಿದೆಲ್ಲ ಕಡೆ ನೇರಳೆ ಅಂಚು ಮೂಡುತ್ತದೆ. ಮುಂದೇನು ಕೊಳ್ಳಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1 (ತಾಳವಾಡಿ)

ತಮ್ಮ ಸೆಟ್ಟಿನ ದೋಷಕ್ಕೆ ಕಾರಣ ಅದು ಒಂಟಿ ಗಾಜಾಗಿರುವುದು. ಎರಡು ಮೂರು ಗಾಜುಗಳನ್ನು ಕೂಡಿಸಿ ಬಣ್ಣದ ದೋಷ ಸರಿಪಡಿಸಿರುವ ಕ್ಲೋಸ್-ಅಪ್ ಲೆನ್ಸ್ ಬೇರೆಯೇ ವಸ್ತು. ರೇನಾಕ್ಸ್ ಡಿಸಿಆರ್-250 ಅಂಥದ್ದು. ಅದರ ಶಕ್ತಿ 8 ಡಯಾಪ್ಟರ್, ಎಂದರೆ ಅದರ ಫೋಕಲ್ ದೂರ 125 ಮಿ.ಮೀ. ತಮ್ಮ 55-250 ಲೆನ್ಸನ್ನು 250ಕ್ಕೆ ಎಳೆದು, ಫೋಕಸನ್ನು ಅನಂತಕ್ಕಿಟ್ಟು, ಇದನ್ನು ಮುಂದೆ ಸಿಕ್ಕಿಸಿದರೆ 250ನ್ನು 125ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ಎರಡು ಪಟ್ಟು ವರ್ಧನೆ (ಸೆನ್ಸರಿನ ಮೇಲೆ ಬೀಳುವ ಬಿಂಬ ಹುಳುವಿನ ನಿಜ ಗಾತ್ರದ ಎರಡರಷ್ಟು) ಸಿಗುತ್ತದೆ. ಆಗ ಚೌಕಟ್ಟಿನ ಅಗಲಕ್ಕೆ ಹಿಡಿಯುವುದು 11 ಮಿ.ಮೀ. ಜಾಗ. ಹುಳುವಿಗೂ ಲೆನ್ಸಿಗೂ ನಡುವೆ ಅಂಗೈಯಗಲಕ್ಕಿಂತ ಹೆಚ್ಚು ಅಂತರ ಉಳಿಯುವುದರಿಂದ ಫ್ಲಾಶಿನ ಬೆಳಕು ಒಳಗೆ ಬೀಳಲು ದಾರಿಯಿರುತ್ತದೆ. ಒಂದೇ ವಸ್ತು ಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಗಾಜಿಲ್ಲದ ಕೊಳವೆ) ತಮಗೆ ಹೊಂದುವುದಿಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ದೂರದಿಂದ ಭಾಗಿಸಿದಷ್ಟು ಮಾತ್ರ ವರ್ಧನೆ ಹೆಚ್ಚುತ್ತದೆ, 68 ಮಿ.ಮೀ. ಟ್ಯೂಬನ್ನು 250ರ ಹಿಂದೆ ಹಾಕಿದರೆ ಕಾಲು ಪಟ್ಟು ಸಿಕ್ಕೀತು. ಅದೇ ಟ್ಯೂಬನ್ನು 50 ಮಿ.ಮೀ. ಲೆನ್ಸಿಗೆ ಹಾಕಿದರೆ ಒಂದೂಕಾಲು ಪಟ್ಟಿಗೂ ಮೇಲೆ ಹೋಗುತ್ತದೆ, ಆದರೆ ಬೆಳಕು ಕಳೆದುಹೋಗುತ್ತದೆ: ಒಂದು ಪಟ್ಟಿನ ವರ್ಧನೆಯಲ್ಲಿ ಅಪರ್ಚರನ್ನು (ಬೆಳಕು ಬಿಡುವ ರಂಧ್ರವನ್ನು) ಎಫ್/8 ಎಂದು ಇಟ್ಟದ್ದು ಅದಕ್ಕಿಂತ ಕಿರಿದಾದ ಎಫ್/16ರಂತೆ ವರ್ತಿಸುತ್ತದೆ. ಮುಂದೆ ಸಿಕ್ಕಿಸುವ ಲೆನ್ಸಿಗೆ ಈ ನಷ್ಟವಿಲ್ಲ.

ಎರಡು ಪಟ್ಟಿನಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟೇ ಎಂಬುದು ನೆನಪಿರಲಿ. ನಾನು ಫ್ಲಾಶಿನ ಶಕ್ತಿಯನ್ನು 1/16 ಅಥವಾ 1/32ಕ್ಕೆ ಇಳಿಸುತ್ತೇನೆ; ಅಷ್ಟು ಕಡಿಮೆ ಹೊತ್ತಿನ ಮಿಂಚಿನಲ್ಲಿ ಕೈನಡುಕ ಚಿತ್ರದಲ್ಲಿ ಕಾಣುವುದಿಲ್ಲ. ಬಿಳಿ ನೊಣದ ಮೇಣ ಬಹಳ ಹೊಳೆಯುವುದರಿಂದ ಫ್ಲಾಶಿನ ಬೆಳಕನ್ನು ಮೃದುವಾಗಿ ಹರಡುವ ಡಿಫ್ಯೂಸರ್ ಇಲ್ಲದೆ ಹೊರಡಬೇಡಿ. ಅಡಿಕೆ ಹಾಳೆಯನ್ನು ಬಾಗಿಸಿ, ಒಳಗೆ ಬಿಳಿ ಕಾಗದ ಅಂಟಿಸಿ, ಬಾಯಿಗೆ ಟ್ರೇಸಿಂಗ್ ಪೇಪರ್ ಕಟ್ಟಿ ನೋಡಿ. ತಮ್ಮ ಊರಿನಲ್ಲಿ ಹಾಳೆಗೆ ಬರವಿಲ್ಲ.

ಉತ್ತರ 2 (ಅಕ್ಕಲಕೋಟ)

ತಾಳವಾಡಿಯವರ ಮಾತು ಸರಿ, ಆದರೆ ಒಂದು ಮಿಲಿಮೀಟರಿನ ಕಣಜಕ್ಕೆ ಎರಡು ಪಟ್ಟು ಸಾಲದು. ನಾನು ಜೋಳದ ಎಲೆಯ ಹೇನುಗಳನ್ನು ತೆಗೆಯುವುದು ತಮ್ಮಲ್ಲಿರುವಂಥದ್ದೇ 18-55 ಲೆನ್ಸನ್ನು ರಿವರ್ಸ್ ರಿಂಗಿನಿಂದ (ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಗೆ ಜೋಡಿಸುವ ಬಳೆ) ತಿರುಗಿಸಿ ಹಾಕಿ. 18ರ ಕಡೆಗೆ ಹೋದಷ್ಟೂ ವರ್ಧನೆ ಏರುತ್ತದೆ. ಖರ್ಚೂ ಅತಿ ಕಡಿಮೆ. ತಿರುಗಿಸಿದಾಗ ಕ್ಯಾಮೆರಾಗೂ ಲೆನ್ಸಿಗೂ ಸಂಪರ್ಕ ತಪ್ಪುವುದರಿಂದ, ಮೊದಲು ಲೆನ್ಸನ್ನು ಸರಿಯಾಗಿ ಹಾಕಿ ಎಫ್/8 ಇಟ್ಟು, ಅಪರ್ಚರನ್ನು ಇಟ್ಟಷ್ಟಕ್ಕೆ ಕಿರಿದಾಗಿಸುವ ಕ್ಯಾಮೆರಾದ ಡೆಪ್ತ್ ಆಫ್ ಫೀಲ್ಡ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಲೆನ್ಸನ್ನು ಬಿಚ್ಚಬೇಕು. ಆಗ ಅಪರ್ಚರ್ ಅಲ್ಲಿಯೇ ನಿಲ್ಲುತ್ತದೆ. ಹೀಗೆ ಹಾಕಿದಾಗ ಎಲೆ ಲೆನ್ಸಿಗೆ ತೀರಾ ಹತ್ತಿರವಾಗಿ, ಲೆನ್ಸಿನ ನೆರಳೇ ಹುಳುವಿನ ಮೇಲೆ ಬೀಳುವ ತೊಂದರೆಯಿದೆ. ಆದ್ದರಿಂದ ಎಲೆಯನ್ನು ಕತ್ತರಿಸಿ ಮನೆಗೆ ತಂದು, ಬಟ್ಟೆ ಕ್ಲಿಪ್ಪಿನಿಂದ ಹಲಗೆಗೆ ಸಿಕ್ಕಿಸಿ ತೆಗೆಯಿರಿ. ಬಿಳಿ ನೊಣದ ಮರಿಯ ಕದಲದ ಕೋಶವಾದರೆ ಫೋಕಸ್ ತುಸುತುಸುವೇ ಸರಿಸುತ್ತ ಮೂವತ್ತು ನಲವತ್ತು ಚಿತ್ರ ತೆಗೆದು ಹೆಲಿಕಾನ್ ಫೋಕಸ್ ಎಂಬ ತಂತ್ರಾಂಶದಲ್ಲಿ ಒಂದಾಗಿಸಬಹುದು.

ಮರು ಉತ್ತರ (ಬದಿಯಡ್ಕ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಿಸಿಆರ್-250 ತರಿಸಿ, ಹಾಳೆಯ ಡಿಫ್ಯೂಸರ್ ಕಟ್ಟಿ, ನಿನ್ನೆ ಬೆಳಿಗ್ಗೆ ಒಂದು ಓಲೆಯನ್ನು ಕೊಯ್ದು ಜಗಲಿಯಲ್ಲಿ ಕುಳಿತು ತೆಗೆದೆ. ಹಾರುವ ಕಣಜ ಸಿಗಲಿಲ್ಲ. ಆದರೆ ಮೇಣದ ಎಳೆಗಳ ನಡುವೆ ಕೆಲವು ಕೋಶಗಳು ಕಪ್ಪಾಗಿದ್ದು, ಅವುಗಳಲ್ಲಿ ಮೂರರ ಬೆನ್ನಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ದುಂಡನೆಯ ರಂಧ್ರಗಳು ಕಂಡವು. ಬಿಳಿ ನೊಣವೇ ಹೊರಬಂದ ಕೋಶ ಟಿ ಅಕ್ಷರದಂತೆ ಸೀಳಿರುತ್ತದೆ. ದುಂಡನೆಯ ರಂಧ್ರ ಕಣಜ ಹೊರಬಿದ್ದ ಗುರುತು. ಬರಿಗಣ್ಣಿಗೆ ಬೂದಿಯಂತೆ ಕಾಣುತ್ತಿದ್ದ ಆ ಓಲೆಯಲ್ಲಿ ಇಷ್ಟೆಲ್ಲ ಕಂಡು ಬಹಳ ಹೊತ್ತು ಪರದೆಯ ಮುಂದಿನಿಂದ ಏಳಲಾಗಲಿಲ್ಲ. ಸಿಂಪಡಣೆಗೆಂದು ಗೊತ್ತುಮಾಡಿದ್ದವರಿಗೆ ಬರುವುದು ಬೇಡವೆಂದು ತಿಳಿಸಿದ್ದೇನೆ. ಕಣಜಕ್ಕಾಗಿ ರಿವರ್ಸ್ ರಿಂಗ್ ಕೊಂಡು ಮುಂದಿನ ವಾರ ಮತ್ತೆ ಕುಳಿತುಕೊಳ್ಳುತ್ತೇನೆ.