ಅಪ್‌ಡೇಟ್: ಆರ್‌ಎಕ್ಸ್ 100 ಕ್ಲಚ್ ಜಾರೋದು ನಿಂತಿತು

ನನ್ನ ಯಮಹಾ ಆರ್‌ಎಕ್ಸ್ 100 ಬೈಕ್‌ಗೆ ಸಂಡೂರಿನ ಏರಿನಲ್ಲಿ ಎಂಜಿನ್ ಕಿರುಚುತ್ತೆ, ಗಾಡಿ ಎಳೆಯಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆನಲ್ಲ, ಸರಿಹೋಯಿತು. ನೀವು ಹೇಳಿದಂತೆ ಮೊದಲು ಕ್ಲಚ್ ಕೇಬಲ್ ನೋಡಿದೆ. ಲಿವರ್ ಬುಡದಲ್ಲಿ ಇರಬೇಕಾದಷ್ಟು, 2–3 ಮಿ.ಮೀ. ಸಡಿಲ ಇತ್ತು, ತೊಂದರೆ ಅಲ್ಲಿರಲಿಲ್ಲ. ಬಳ್ಳಾರಿಯಲ್ಲಿ ಹಿಂದೆ ಸರ್ವೀಸ್ ಮಾಡಿದವರನ್ನು ಯಾವ ಆಯಿಲ್ ಹಾಕಿದ್ರಿ ಅಂತ ಕೇಳಿದೆ. ಗೇರ್‌ಬಾಕ್ಸ್‌ಗೆ ಕಾರಿನ ಎಂಜಿನ್ ಆಯಿಲ್ ಹಾಕಿದ್ದರಂತೆ! ಅಂಥ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರುತ್ತೆ. ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವ ಕ್ಲಚ್‌ಗೆ ಅದು ಆಗಿಬರಲ್ಲ.

ಕ್ಲಚ್ ಬಿಚ್ಚಿದರೆ, ಹಿಡಿತ ಕೊಡಬೇಕಾದ ಕಾರ್ಕ್ ಪ್ಲೇಟ್‌ಗಳು ಗಾಜಿನ ಹಾಗೆ ನುಣ್ಣಗೆ ಹೊಳೀತಿದ್ದವು. ಸ್ಟೀಲ್ ಪ್ಲೇಟ್‌ಗಳು ಡೊಂಕಾಗಿರಲಿಲ್ಲ, ಅವನ್ನೇ ಉಳಿಸಿಕೊಂಡೆ. ಹೊಸ ಕಾರ್ಕ್ ಪ್ಲೇಟ್‌ಗಳನ್ನು ಬೈಕ್‌ನ ಇಂಥ ಕ್ಲಚ್‌ಗೆ ಹೊಂದುವ ಜಾಸೊ ಎಂಎ (JASO MA) ಗುರುತಿನ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಸಿ ಹಾಕಿದೆ. ಸ್ಪ್ರಿಂಗ್‌ಗಳೂ ಹೊಸವು. ಈಗ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ತಿರುವಿದರೂ ಗಟ್ಟಿಯಾಗಿ ಹಿಡಿಯುತ್ತೆ. ಆಯಿಲ್ ಯಾವುದು ಅಂತ ಮೊದಲು ಕೇಳಿದವರಿಗೆ ತುಂಬಾ ಥ್ಯಾಂಕ್ಸ್ ಅಣ್ಣಾ.