ಪ್ಯಾಂಟ್ 34, ಹೊಟ್ಟೆ 38: ನಾನು ದಪ್ಪಗಿದ್ದೀನಾ?

ವಿಜಾಪುರ_ಟೇಲರ್:
ವಯಸ್ಸು 41, ಎತ್ತರ 170 ಸೆಂಟಿಮೀಟರ್, ತೂಕ 68 ಕಿಲೋ. ಮದುವೆಯಾದಾಗಿಂದ ಪ್ಯಾಂಟ್ ಅಳತೆ 34, ಒಂದಿಂಚೂ ಬದಲಾಗಿಲ್ಲ. ಹೊಟ್ಟೆನೋವು ಅಂತ ಹೋದರೆ ಸ್ಕ್ಯಾನ್ ಮಾಡಿ, ಲಿವರ್‌ನಲ್ಲಿ ಕೊಬ್ಬಿದೆ ಅಂದರು. ನಾನು ಕುಡಿಯೋನಲ್ಲ. ಇದು ಎಲ್ಲಿಂದ ಬಂತು?

ಜಮಖಂಡಿ_ಗರಡಿ:
ಸ್ಕ್ಯಾನ್ ಮಾಡಿದವರಿಗೆ ಬಿಲ್ ಆಗಬೇಕಲ್ರೀ. ನಮ್ಮ ಗರಡಿಯಲ್ಲಿ 105 ಕಿಲೋ ಪೈಲ್ವಾನರಿದ್ದಾರೆ, ಬೆಳಿಗ್ಗೆ ಐದಕ್ಕೆ ಬಂದು ಬಸ್ಕಿ ಹೊಡೀತಾರೆ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಬಿಎಂಐ ಹಿಡಿದರೆ ಅವರೆಲ್ಲ ರೋಗಿಗಳು. ಆ ಲೆಕ್ಕವೇ ಸುಳ್ಳು.

ಲ್ಯಾಬ್_ಅಕ್ಕ_ಬೆಳಗಾವಿ:
ಬಿಎಂಐಗೆ ಮಾಂಸ ಯಾವುದು, ಕೊಬ್ಬು ಯಾವುದು ಗೊತ್ತಾಗೋದಿಲ್ಲ. ಪೈಲ್ವಾನನನ್ನು ಸುಮ್ನೆ ಬೈಯುತ್ತೆ, ಟೇಲರ್ ಅಣ್ಣನನ್ನು ಸುಮ್ನೆ ಬಿಡುತ್ತೆ. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಯುಡ್ಕಿನ್ ತಮ್ಮಿಬ್ಬರ ಫೋಟೊನೇ ಲ್ಯಾನ್ಸೆಟ್ ಪತ್ರಿಕೆಗೆ ಕೊಟ್ಟರು. ಇಬ್ಬರ ಬಿಎಂಐ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ನಮ್ಮ ಯಾಜ್ಞಿಕರಲ್ಲಿ ಶೇ 21.2! ಕರುಳಿನ ಸುತ್ತ ಕೂತ ಕೊಬ್ಬು ನೇರ ಲಿವರ್‌ಗೆ ಹೋಗುತ್ತೆ, ಆಮೇಲೆ ಇನ್ಸುಲಿನ್ ಹೇಳಿದ ಮಾತು ಲಿವರ್ ಕೇಳೋದಿಲ್ಲ, ಶುಗರ್ ಏರುತ್ತೆ. ಅಣ್ಣಾ, ಹೊಕ್ಕಳ ಹತ್ತಿರ ಟೇಪ್ ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಚಹಾ ಜೊತೆ ಅಮೀನಗಡ ಕರದಂಟು ತಿಂತಿದ್ದರೆ ಅದನ್ನೂ ಕಡಿಮೆ ಮಾಡಿ.

ಗೋಕಾಕದವ:
ಅಕ್ಕಾರ, ಬೆಳಗಾವಿಯಲ್ಲಿ ಕೂತು ಅಮೀನಗಡ ಅಂತೀರಲ್ಲ! ಕರದಂಟು ಅಂದ್ರೆ ಗೋಕಾಕ.

ಅಮೀನಗಡ_ಮೊಮ್ಮಗ:
ಗೋಕಾಕದ್ದು ಬೆಲ್ಲದ ಗಟ್ಟಿ. ನಮ್ಮದರಲ್ಲಿ ಅಂಟು ಹಲ್ಲಿಗೆ ಸಿಗುತ್ತೆ. ಅಷ್ಟಕ್ಕೂ ಅದು ಬಾಣಂತಿಯರಿಗೆ ಕೊಡೋ ಪದಾರ್ಥ, ಅದರಿಂದ ರೋಗ ಬರುತ್ತಾ?

ಲ್ಯಾಬ್_ಅಕ್ಕ_ಬೆಳಗಾವಿ:
ಟೇಲರ್ ಅಣ್ಣ ಬಾಣಂತಿ ಅಲ್ಲ.

ಗೋಕಾಕದವ:
"ಬೆಲ್ಲದ ಗಟ್ಟಿ" ಅಂದವನು ಒಮ್ಮೆ ಗೋಕಾಕ ಬಸ್‌ಸ್ಟ್ಯಾಂಡಿಗೆ ಬಾ ತಮ್ಮಾ. ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಒಂದೊಂದಾಗಿ ಎಣಿಸಿ ತೋರಿಸ್ತೀನಿ.

ಅಮೀನಗಡ_ಮೊಮ್ಮಗ:
ಬಸ್‌ಸ್ಟ್ಯಾಂಡಲ್ಲೇ ಸಿಗೋದು ನಿಮ್ಮದು. ನಮ್ಮದಕ್ಕೆ ಜನ ಹೈವೇಯಲ್ಲಿ ಗಾಡಿ ನಿಲ್ಲಿಸ್ತಾರೆ.

ಜಮಖಂಡಿ_ಗರಡಿ:
ಕೊಬ್ಬರಿ, ಗೋಡಂಬಿ ಎರಡೂ ಶಕ್ತಿ. ನಮ್ಮ ಹಿರಿಯರು ತುಪ್ಪ ಕುಡಿದೇ ಬದುಕಿದರು. ಅಕ್ಕಾರು ಪುಣೆ, ಲಂಡನ್ ಅಂತಾರೆ, ಇಬ್ಬರ ಫೋಟೊದಿಂದ ಇಡೀ ದೇಶದ ಲೆಕ್ಕ ಹಾಕ್ತಾರೆ!

ಲ್ಯಾಬ್_ಅಕ್ಕ_ಬೆಳಗಾವಿ:
ಫೋಟೊ ಉದಾಹರಣೆಗೆ ಅಷ್ಟೇ ರೀ, ನಮ್ಮವರ ಮಿತಿ ಬಂದಿದ್ದು ಅದರಿಂದಲ್ಲ. ಬಿಎಂಐ ಲೆಕ್ಕ ಹಾಕಿಕೊಟ್ಟಿದ್ದು 19ನೇ ಶತಮಾನದ ಬೆಲ್ಜಿಯಂನ ಕೆಟಲೆ, ಅವನು ಡಾಕ್ಟರೂ ಅಲ್ಲ, ಗಣಿತದವನು. ಬೇರೆ ಕಡೆ 25 ದಾಟಿದರೆ ತೂಕ ಜಾಸ್ತಿ ಅಂತಾರೆ, ನಮಗೆ 23ಕ್ಕೇ ಹುಷಾರಾಗಿ ಅಂತಾರೆ. ಅಣ್ಣನದು 23.5. ಹಿರಿಯರು ತುಪ್ಪ ಕುಡಿದು ಎಳೆಬಿಸಿಲಿಗೆ ಎತ್ತು ಹೂಡುತ್ತಿದ್ದರು, ನೀವು ಬುಲೆಟ್ ಹೂಡ್ತೀರಿ.

ಜಮಖಂಡಿ_ಗರಡಿ:
ಗಣಿತದವನು ಅಂತ ನೀವೇ ಒಪ್ಪಿದಿರಿ. ಮುಗೀತು. ನನ್ನ ಗಾಡಿ ಸುದ್ದಿ ಬೇಡ.

ಗೋಕಾಕದವ:
ಹೈವೇ ಅಂದವನು ಉತ್ತರ ಕೊಟ್ಟಿಲ್ಲ. ಗೋಕಾಕ ಜಲಪಾತ ನೋಡೋಕೆ ಬಂದವರು ಏನು ಒಯ್ಯುತ್ತಾರೆ? ಅಮೀನಗಡದ್ದಾ?

ಅಮೀನಗಡ_ಮೊಮ್ಮಗ:
ಜಲಪಾತಕ್ಕೆ ಬಂದವರು ನೀರು ನೋಡ್ತಾರೆ. ನಿಮ್ಮದನ್ನು ಹೊಟ್ಟೆ ಹಸಿದು ತಗೋತಾರೆ ಅಷ್ಟೇ. ಎಷ್ಟು ಸಲ ಹೇಳಬೇಕು ರೀ ನಿಮಗೆ!!

ಲ್ಯಾಬ್_ಅಕ್ಕ_ಬೆಳಗಾವಿ:
ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಅದು ಗೋಕಾಕದ್ದಾದರೂ ಅಷ್ಟೇ, ಅಮೀನಗಡದ್ದಾದರೂ ಅಷ್ಟೇ. ಟೇಲರ್ ಅಣ್ಣಾ, ಅಳೆದಿರಾ?

ವಿಜಾಪುರ_ಟೇಲರ್:
ಅಳೆದೆ. ಇಪ್ಪತ್ತು ವರ್ಷ ಇನ್ನೊಬ್ಬರ ಸೊಂಟಕ್ಕೆ ಟೇಪ್ ಹಿಡಿದವನು ನಾನು, ನನ್ನದಕ್ಕೆ ನಿನ್ನೆ ಹಿಡಿದೆ. ಪ್ಯಾಂಟ್ 34 ಹಾಗೇ ಇದೆ, ಯಾಕಂದರೆ ಬೆಲ್ಟ್ ವರ್ಷ ವರ್ಷ ಹೊಟ್ಟೆಯ ಕೆಳಗೆ ಇಳಿದಿದೆ. ಹೊಕ್ಕಳ ಹತ್ತಿರ 38 ಇಂಚು, ಅಂದರೆ 96 ಸೆಂಟಿಮೀಟರ್ ಮೇಲೆ. ಇವತ್ತು ಅಂಗಡಿಗೆ ಬಂದ ಮೂವರಿಗೂ ಹೊಕ್ಕಳ ಹತ್ತಿರವೇ ಹಿಡಿದು ನೋಡಿದೆ, ಮೂವರೂ 36 ದಾಟಿದ್ದಾರೆ. ಒಬ್ಬ ಸಿಟ್ಟಾಗಿ ಬಟ್ಟೆ ವಾಪಸ್ ತಗೊಂಡು ಹೋದ.

ಗೋಕಾಕದವ:
ಅವನು ಅಮೀನಗಡದವನೇ ಇರಬೇಕು.